ಏಪ್ರಿಲ್‌ನಲ್ಲಿ ಸರಿ ಇದ್ದ ಸೆಲ್ ಜುಲೈನಲ್ಲಿ ಯಾಕೆ ಕೈಕೊಡ್ತಿದೆ? ಪೆಡಾಟ್ ಮೇಲೆ ನನಗೆ ಅನುಮಾನ

ಮಳೆಯೂರ_ಹುಡುಗಿ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ ರೀ. ನಾನು ಎಂಎಸ್ಸಿ ಫಿಸಿಕ್ಸ್ ಎರಡನೇ ವರ್ಷ. ಪ್ರಾಜೆಕ್ಟಿಗೆ ಆರ್ಗ್ಯಾನಿಕ್ ಸೋಲಾರ್ ಸೆಲ್ (ಸಿಲಿಕಾನ್ ಬದಲು ಇಂಗಾಲದ ಅಣುಗಳಿಂದ ಮಾಡಿದ್ದು) ತಗೊಂಡಿದ್ದೇನೆ. ಗಾಜಿನ ಮೇಲೆ ಐಟಿಒ (ಇಂಡಿಯಂ-ಟಿನ್ ಆಕ್ಸೈಡ್, ಕರೆಂಟ್ ಒಯ್ಯುವ ಪಾರದರ್ಶಕ ಪದರ), ಅದರ ಮೇಲೆ ಪೆಡಾಟ್-ಪಿಎಸ್‌ಎಸ್, ಆಮೇಲೆ ಪಿ3ಎಚ್‌ಟಿ ಮತ್ತು ಪಿಸಿಬಿಎಂ ಮಿಶ್ರಣ (ಬೆಳಕು ಹೀರಿ ಕರೆಂಟ್ ಹುಟ್ಟಿಸುವ ಪದರ), ಕೊನೆಗೆ ಅಲ್ಯೂಮಿನಿಯಂ. ಹಳೇ ಕಾಲದ ಜೋಡಿ ಅಂತ ಗೊತ್ತು, ನಗಬೇಡಿ. ಲ್ಯಾಬಿನಲ್ಲಿ ಇರುವುದು ಅದೇ. ಗ್ಲೋವ್ ಬಾಕ್ಸ್ ಇಲ್ಲ, ಎಲ್ಲಾ ಗಾಳಿಯಲ್ಲೇ ಮಾಡಬೇಕು.

ಏಪ್ರಿಲ್‌ನಲ್ಲಿ ಚೆನ್ನಾಗಿ ಬಂದಿತ್ತು. 0.58 ವೋಲ್ಟ್, ಚದರ ಸೆಂಟಿಮೀಟರಿಗೆ 8 ಮಿಲಿಆಂಪ್, ಫಿಲ್ ಫ್ಯಾಕ್ಟರ್ (ಆ ವೋಲ್ಟ್, ಕರೆಂಟ್‌ಗಳಲ್ಲಿ ಎಷ್ಟು ಪಾಲು ನಿಜವಾಗಿ ಬಳಕೆಗೆ ಸಿಗುತ್ತದೆ ಅನ್ನೋ ಅಂಕಿ) 0.58. ಅಂದರೆ ದಕ್ಷತೆ ಶೇ. 2.7 ಹತ್ತಿರ. ನಮ್ಮ ಗೈಡ್ ಸರ್ ಖುಷಿಯಾಗಿ ಎಲ್ಲರಿಗೂ ಚಹಾ ಕುಡಿಸಿದ್ದರು. ಈಗ ಅದೇ ಬಾಟಲಿ, ಅದೇ ಪೌಡರ್, ಅದೇ ಸ್ಪೀಡು, ಆದರೆ 0.52 ವೋಲ್ಟ್, 6.5 ಮಿಲಿಆಂಪ್, ಫಿಲ್ ಫ್ಯಾಕ್ಟರ್ 0.36. ಶೇ. 1.2 ದಾಟುತ್ತಿಲ್ಲ. ವೋಲ್ಟೇಜ್-ಕರೆಂಟ್ ಗ್ರಾಫ್ ನೋಡಿದರೆ ಮಧ್ಯದಲ್ಲಿ ಸೊಂಟ ಮುರಿದ ಹಾಗೆ ಎಸ್ ಆಕಾರದಲ್ಲಿ ಬಾಗಿದೆ. ಎರಡು ದಿನ ಬಿಟ್ಟು ಅಳೆದರೆ ಅದೂ ಇಲ್ಲ, ಸೆಲ್ ಸತ್ತೇ ಹೋಗಿರುತ್ತದೆ.

ಸರ್ ಹೇಳುತ್ತಾರೆ ಪಿ3ಎಚ್‌ಟಿ ಹಾಳಾಗಿದೆ, ಹೊಸದು ತರಿಸೋಣ ಅಂತ. ಅದು ಬರುವಷ್ಟರಲ್ಲಿ ನನ್ನ ಸೆಮಿಸ್ಟರ್ ಮುಗಿದಿರುತ್ತದೆ. ಯಾರಿಗಾದರೂ ಹೀಗೆ ಆಗಿದೆಯಾ?

ಗುಮ್ಮಟ_ಗಲ್ಲಿ (ವಿಜಯಪುರ)

ಪೌಡರ್ ತರಿಸೋ ಮುಂಚೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಪೆಡಾಟ್ ಬಾಟಲಿ ಎಲ್ಲಿ ಇಡುತ್ತೀರಿ? ಹಾಕುವ ಮುಂಚೆ ಫಿಲ್ಟರ್ ಮಾಡುತ್ತೀರಾ? ಹಾಟ್‌ಪ್ಲೇಟ್‌ನಿಂದ ಇಳಿಸಿದ ಮೇಲೆ ಮುಂದಿನ ಪದರ ಹಾಕುವ ತನಕ ಎಷ್ಟು ಹೊತ್ತು ಆಗುತ್ತದೆ? ಆ ಹೊತ್ತಿನಲ್ಲಿ ಸ್ಲೈಡ್ ಎಲ್ಲಿ ಇರುತ್ತದೆ?

ಮೂರನೆಯದಕ್ಕೆ ಸುಳ್ಳು ಹೇಳಬೇಡಿ.

ಮಳೆಯೂರ_ಹುಡುಗಿ (ಬೆಳಗಾವಿ)

ಅಣ್ಣಾ, ಬಾಟಲಿ ಫ್ರಿಜ್ಜಿನಲ್ಲಿ ಇದೆ, ಫ್ರೀಜರಿನಲ್ಲಿ ಅಲ್ಲ. 0.45 ಮೈಕ್ರಾನ್ ಫಿಲ್ಟರ್ ಹಾಕುತ್ತೇನೆ. ಸ್ಲೈಡಿನ ಮೇಲೆ ಹಾಕಿ ನಿಮಿಷಕ್ಕೆ 4000 ಸುತ್ತಿನಲ್ಲಿ ತಿರುಗಿಸಿ 140 ಡಿಗ್ರಿಯಲ್ಲಿ 10 ನಿಮಿಷ ಕಾಯಿಸುತ್ತೇನೆ.

ಮೂರನೆಯದು... ಪೆಡಾಟ್ ಆಗುವ ಹೊತ್ತಿಗೆ ಸರಿಯಾಗಿ ಒಂದು ಗಂಟೆ ಆಗಿರುತ್ತದೆ. ಡಬ್ಬಿ ತೆಗೆದು ಊಟಕ್ಕೆ ಕೂತುಬಿಡುತ್ತೇವೆ. 40 ನಿಮಿಷ ಇರಬಹುದು. ಸ್ಲೈಡ್ ಪೆಟ್ರಿ ಡಿಶ್‌ನಲ್ಲಿ, ಮೇಲೆ ಮುಚ್ಚಳ ಇರುತ್ತದೆ. ಏಪ್ರಿಲ್‌ನಲ್ಲೂ ಹೀಗೇ ಮಾಡುತ್ತಿದ್ದೆವು, ಆಗ ಏನೂ ಆಗಿರಲಿಲ್ಲ.

ಗುಮ್ಮಟ_ಗಲ್ಲಿ (ವಿಜಯಪುರ)

ಸಿಕ್ಕಿತು ನೋಡಿ. ನಿಮ್ಮ ಕಳ್ಳ ಆ ಊಟದ ಡಬ್ಬಿ.

ಪೆಡಾಟ್-ಪಿಎಸ್‌ಎಸ್‌ನಲ್ಲಿ ಎರಡು ಪಾಲಿಮರ್ ಇರುತ್ತವೆ. ಪೆಡಾಟ್ ಕರೆಂಟ್ ಒಯ್ಯುತ್ತದೆ, ಆದರೆ ನೀರಿನಲ್ಲಿ ಕರಗುವುದಿಲ್ಲ. ಅದನ್ನು ನೀರಿನಲ್ಲಿ ತೇಲಿಸಿ ಹಿಡಿಯುವುದಕ್ಕೆ ಪಿಎಸ್‌ಎಸ್ ಬೇಕು. ನೀವು ಬಳಸುವುದು 4083 ಗ್ರೇಡ್ ಆಗಿದ್ದರೆ ಒಂದು ಪಾಲು ಪೆಡಾಟಿಗೆ ಆರು ಪಾಲು ಪಿಎಸ್‌ಎಸ್ ಇದೆ. ಈ ಪಿಎಸ್‌ಎಸ್ ಒಂದು ಆಸಿಡ್, ನೀರು ಅಂದರೆ ಪ್ರಾಣ ಬಿಡುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆಗೆದಿಟ್ಟ ಉಪ್ಪು ಹೇಗೆ ಪಸೆ ಆಗುತ್ತದೋ ಹಾಗೆ. 140 ಡಿಗ್ರಿಯಲ್ಲಿ ಕಾಯಿಸಿ ನೀವು ಓಡಿಸಿದ ನೀರನ್ನೆಲ್ಲಾ ಅದು ನಿಮ್ಮ ಊಟ ಮುಗಿಯುವಷ್ಟರಲ್ಲಿ ಗಾಳಿಯಿಂದ ವಾಪಸ್ ಕುಡಿದಿರುತ್ತದೆ. ಪೆಟ್ರಿ ಡಿಶ್ ಮುಚ್ಚಳ ಧೂಳು ತಡೆಯುತ್ತದೆ ಅಷ್ಟೇ, ಆವಿಗೆ ಅದು ಬಾಗಿಲೇ ಅಲ್ಲ.

ಏಪ್ರಿಲ್‌ನಲ್ಲಿ ಬೆಳಗಾವಿ ಗಾಳಿ ಒಣ ಇತ್ತು, ಬಚಾವಾದಿರಿ. ಜುಲೈನಲ್ಲಿ ನಿಮ್ಮೂರಲ್ಲಿ ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ, ಇನ್ನು ಪೆಡಾಟ್ ಒಣಗುತ್ತದಾ?

ಆ ನೀರು ಒಳಗೇ ಉಳಿದರೆ ಮುಂದೆ ಏನಾಗುತ್ತದೆ ಅಂದರೆ, ನಿಧಾನಕ್ಕೆ ಮಿಶ್ರಣದ ಪದರ ದಾಟಿ ಅಲ್ಯೂಮಿನಿಯಂ ತನಕ ಹೋಗುತ್ತದೆ. ಅಲ್ಲಿ ಆಕ್ಸೈಡ್ ಕಟ್ಟುತ್ತದೆ. ಆಕ್ಸೈಡ್ ಕರೆಂಟ್ ಬಿಡುವುದಿಲ್ಲ. ಎಲೆಕ್ಟ್ರಾನ್ ಹೊರಗೆ ಹೋಗಲು ಬಂದು ಗೋಡೆಗೆ ಬಡಿದು ನಿಲ್ಲುತ್ತದೆ. ನಿಮ್ಮ ಎಸ್ ಗೆರೆಗೆ ಇದು ಒಂದು ಕಾರಣ. ಇನ್ನೊಂದು, ಪೆಡಾಟ್ ಪಕ್ಕಾ ಆಮ್ಲ, ಪಿಎಚ್ 1ರಿಂದ 2. ಒದ್ದೆ ಇದ್ದಾಗ ಕೆಳಗಿನ ಐಟಿಒ ಕಡಿಯುತ್ತದೆ, ಇಂಡಿಯಂ ಬಿಡಿಸಿಕೊಂಡು ಮೇಲೆ ಹೋಗುತ್ತದೆ. ಎರಡೂ ಕಡೆ ಒಂದೇ ಪದರದಿಂದ ಏಟು.

ಸುಮ್ನೆ_ಕೇಳ್ದೆ (ಜಮಖಂಡಿ)

ನಡುವೆ ಬಾಯಿ ಹಾಕುತ್ತೇನೆ, ಬೇಜಾರಾಗಬೇಡಿ. ನಮ್ಮ ಮನೆ ಮೇಲೆ 3 ಕಿಲೋವ್ಯಾಟ್ ಸಿಲಿಕಾನ್ ಹಾಕಿಸಿದ್ದೀವಿ. ಪಿಎಂ ಸೂರ್ಯಘರ್‌ನಲ್ಲಿ 78,000 ರೂಪಾಯಿ ಸಬ್ಸಿಡಿ ಬಂತು. ಪ್ಯಾನೆಲ್ ಶೇ. 20ರ ಮೇಲಿದೆ, 25 ವರ್ಷ ಗ್ಯಾರಂಟಿ ಅಂತಾರೆ. ನೀವು ಎರಡು ದಿನ ಬದುಕದ, ಶೇ. 1.2ರ ಸೆಲ್ಲಿಗೆ ಇಷ್ಟು ಒದ್ದಾಡೋದು ಯಾಕೆ?

ಗುಮ್ಮಟ_ಗಲ್ಲಿ (ವಿಜಯಪುರ)

ಮನೆ ಮೇಲೆ ಸಿಲಿಕಾನೇ ಸರಿ, ಅದರಲ್ಲಿ ವಾದ ಇಲ್ಲ. ಆದರೆ ಸಿಲಿಕಾನ್ ಬಾಗುವುದಿಲ್ಲ, ಭಾರ, ಬೆಳಕನ್ನು ಪೂರ್ತಿ ತಡೆಯುತ್ತದೆ. ಇದರಲ್ಲಿ ಕೆಲಸ ಮಾಡುವ ಪದರ 100 ನ್ಯಾನೋಮೀಟರ್, ನಮ್ಮ ಕೂದಲಿನ ದಪ್ಪದಲ್ಲಿ ಐನೂರರಲ್ಲಿ ಒಂದು ಭಾಗವೋ ಸಾವಿರದಲ್ಲಿ ಒಂದು ಭಾಗವೋ ಇರಬಹುದು. ಪ್ಲಾಸ್ಟಿಕ್ ಹಾಳೆ ಮೇಲೆ ಅಚ್ಚು ಹಾಕಬಹುದು, ಅರ್ಧ ಬೆಳಕು ಬಿಡುವ ಹಾಗೆ ಮಾಡಬಹುದು. ನಮ್ಮ ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ ನೋಡಿದಾಗೆಲ್ಲಾ ನನಗೆ ಇದೇ ಯೋಚನೆ. ಇವತ್ತಿಗೆ ಆಗುವ ಮಾತಲ್ಲ, ಒಪ್ಪುತ್ತೇನೆ.

ಮತ್ತೆ ಶೇ. 1.2 ಈ ತಂಗಿಯ ಸೆಲ್ಲಿನದು. 2019ರಲ್ಲಿ ವೈ6 ಅನ್ನೋ ಅಣು ಬಂದಾಗಲೇ 15.7 ಮುಟ್ಟಿತ್ತು. ಈಗ ಒಳ್ಳೇ ಲ್ಯಾಬುಗಳಲ್ಲಿ 20ರ ಆಸುಪಾಸು ಇದೆ.

ಕೃಷ್ಣಾ_ತೀರ (ಬಾಗಲಕೋಟೆ)

ನಾನು ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಈ ನಡುವಿನ ಪದರಗಳನ್ನು ಹುಡುಗರು ಸುಮ್ನೆ ಬಣ್ಣ ಬಳಿದ ಹಾಗೆ ಬಳಿದು ಮುಂದೆ ಹೋಗುತ್ತಾರೆ, ಅದಕ್ಕೆ ನಾಲ್ಕು ಮಾತು.

ನಮ್ಮ ವಾಯವ್ಯ ಸಾರಿಗೆ ಬಸ್ಸು ನೆನಪು ಮಾಡಿಕೊಳ್ಳಿ. ಸಂತೆ ದಿನ ಹಿಂದಿನ ಬಾಗಿಲಲ್ಲಿ ಹತ್ತುವವರು, ಅದೇ ಬಾಗಿಲಲ್ಲಿ ಇಳಿಯುವವರು. ಕಂಡಕ್ಟರ್ ಕೂಗುತ್ತಾನೆ, ಯಾರೂ ಅಲ್ಲಾಡುವುದಿಲ್ಲ. ಸೆಲ್ಲಿನೊಳಗೆ ಬೆಳಕು ಬಿದ್ದಾಗ ಎಲೆಕ್ಟ್ರಾನು ಮತ್ತು ಹೋಲು (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ಎರಡೂ ಹುಟ್ಟುತ್ತವೆ. ಎರಡಕ್ಕೂ ಎರಡೂ ಬಾಗಿಲು ತೆರೆದಿದ್ದರೆ ಡಿಕ್ಕಿ ಹೊಡೆದು ಅಲ್ಲೇ ಮುಗಿಯುತ್ತವೆ. ಈ ಪದರಗಳ ಕೆಲಸ ಇದು: ಒಂದು ಬಾಗಿಲಲ್ಲಿ ಹೋಲ್ ಮಾತ್ರ ಬಿಡಬೇಕು, ಇನ್ನೊಂದರಲ್ಲಿ ಎಲೆಕ್ಟ್ರಾನ್ ಮಾತ್ರ. ಜೊತೆಗೆ ಮೆಟ್ಟಿಲಿನ ಎತ್ತರ ಹೊಂದಬೇಕು. ಐಟಿಒ 4.7 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಹತ್ತಿರ, ಪಿ3ಎಚ್‌ಟಿಯ ಹೋಲ್ ಮಟ್ಟ 5ರ ಹತ್ತಿರ. ನಡುವೆ 5.1ರ ಪೆಡಾಟ್ ಬಂದು ಕೂತರೆ ಹೋಲ್ ಎಡವದೆ ಇಳಿಯುತ್ತದೆ. ಮೆಟ್ಟಿಲು ತಪ್ಪಿದರೆ ಮೊದಲು ಬೀಳುವುದು ಫಿಲ್ ಫ್ಯಾಕ್ಟರ್, ಆಮೇಲೆ ವೋಲ್ಟೇಜ್. ನಮ್ಮ ಹುಡುಗಿಯ ಅಂಕಿ ನೋಡಿ: ಕರೆಂಟ್ ಐದರಲ್ಲಿ ಒಂದು ಪಾಲು ಇಳಿದಿದೆ, ಫಿಲ್ ಫ್ಯಾಕ್ಟರ್ ಮಾತ್ರ 0.58ರಿಂದ 0.36ಕ್ಕೆ. ಬೆಳಕು ಹೀರುವುದು ಅಷ್ಟೇನೂ ಕೆಟ್ಟಿಲ್ಲ. ಬಾಗಿಲು ಕೆಟ್ಟಿದೆ.

1986ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಪದರದ ಸೆಲ್ ಮಾಡಿ ಸುಮಾರು ಶೇ. 1 ತೆಗೆದಾಗಲೇ ಅದೊಂದು ದೊಡ್ಡ ಸುದ್ದಿ. ಅದಕ್ಕೆ ಹೋಲಿಸಿದರೆ, ತಂಗೀ, ನಿನ್ನ ಕೆಟ್ಟ ಸೆಲ್ಲೂ ಪಾಸು.

ರಬಕವಿ_ಮಗ್ಗ (ರಬಕವಿ)

ನನಗೆ ಈ ಎಲೆಕ್ಟ್ರಾನ್ ಲೆಕ್ಕ ಅರ್ಥ ಆಗಲ್ಲ, ನಮ್ಮದು ಪವರ್‌ಲೂಮ್. ಆದರೆ ಗಂಜಿ ಕತೆ ಗೊತ್ತು. ಹಾಸು ನೂಲಿಗೆ ಗಂಜಿ ಕೊಟ್ಟು ಬೇಸಿಗೆಯಲ್ಲಿ ಬಿಟ್ಟರೆ ನೂಲು ಗರಿಗರಿ ಆಗುತ್ತದೆ. ಮಳೆ ಹಿಡಿದರೆ ಅದೇ ಗಂಜಿ, ಅದೇ ನೂಲು, ಮೇಲೆ ಒಣಗಿದ ಹಾಗೆ ಕಾಣುತ್ತದೆ, ಮುಟ್ಟಿದರೆ ಅಂಟಂಟು. ಮಗ್ಗಕ್ಕೆ ಏರಿಸಿದರೆ ಎಳೆ ಎಳೆ ಕಡಿಯುತ್ತದೆ. ನಮ್ಮಪ್ಪ ಮಳೆಗಾಲದಲ್ಲಿ ಗಂಜಿಯ ಅಳತೆ ಬದಲಿಸುತ್ತಿರಲಿಲ್ಲ, ಒಣಗಿಸಿದ ಕೂಡಲೇ ಬೀಮಿಗೆ ಸುತ್ತಿಬಿಡುತ್ತಿದ್ದರು. ಕಾಯಲು ಬಿಡುತ್ತಿರಲಿಲ್ಲ.

ಒಂದು ಪ್ರಶ್ನೆ. ಇದನ್ನು ರೋಲಿಗೆ ರೋಲು ಮಾಡುತ್ತಾರೆ ಅಂತ ಕೇಳಿದ್ದೇನೆ, ಹೌದಾ?

ಗುಮ್ಮಟ_ಗಲ್ಲಿ (ವಿಜಯಪುರ)

ನಿಮ್ಮಪ್ಪನವರ ಮಾತನ್ನು ನಮ್ಮ ಲ್ಯಾಬ್ ಗೋಡೆ ಮೇಲೆ ಬರೆದು ಹಾಕಬೇಕು.

ಹೌದು, ಪ್ಲಾಸ್ಟಿಕ್ ಹಾಳೆ ಒಂದು ಕಡೆ ಬಿಚ್ಚುತ್ತಾ ಹೋಗುತ್ತದೆ, ನಡುವೆ ಸಣ್ಣ ಸೀಳಿನಿಂದ ದ್ರಾವಣ ಸುರಿಯುತ್ತದೆ, ಒಲೆ ದಾಟಿ ಇನ್ನೊಂದು ಕಡೆ ಸುತ್ತಿಕೊಳ್ಳುತ್ತದೆ. ಸ್ಪಿನ್ ಕೋಟರ್‌ನಲ್ಲಿ (ಸ್ಲೈಡ್ ತಿರುಗಿಸಿ ಪದರ ಹರಡುವ ಯಂತ್ರ) ಹಾಕಿದ ದ್ರಾವಣದ ಬಹುಪಾಲು ಬದಿಗೆ ಚಿಮ್ಮಿ ಹಾಳು, ಅದು ಲ್ಯಾಬಿಗೆ ಸರಿ, ಕಾರ್ಖಾನೆಗೆ ಆಗುವುದಿಲ್ಲ. ಅಲ್ಲಿ ಇನ್ನೊಂದು ತಲೆನೋವು ಪದರದ ದಪ್ಪ. ಲ್ಯಾಬಿನಲ್ಲಿ 10 ನ್ಯಾನೋಮೀಟರ್ ಅಂತ ಆರಾಮಾಗಿ ಬರೆಯುತ್ತೇವೆ, ಕಿಲೋಮೀಟರ್‌ಗಟ್ಟಲೆ ಹಾಳೆ ಮೇಲೆ ಅಷ್ಟು ತೆಳು ಪದರ ತೂತು ಬೀಳದ ಹಾಗೆ ಎಳೆಯುವುದು ಬಹಳ ಕಷ್ಟ. ದಪ್ಪ ಆದರೂ ಕರೆಂಟ್ ಬಿಡುವ ಪದರ ಬೇಕು ಅಂತ ಜನ ಹುಡುಕುತ್ತಿರುವುದು ಅದಕ್ಕೇ.

ಖಾನಾಪುರ_ಕಾಡು (ಖಾನಾಪುರದವ, ಈಗ ಬೆಂಗಳೂರು)

ತಡವಾಗಿ ಬಂದೆ. ಪೆಡಾಟ್ ಬಿಟ್ಟು ಸೆಲ್ಲನ್ನೇ ತಿರುವಿ ಹಾಕಿ ಅನ್ನೋದು ನನ್ನ ಸಲಹೆ. ಇನ್ವರ್ಟೆಡ್ ಅಂತಾರೆ. ಕೆಳಗೆ ಐಟಿಒ, ಅದರ ಮೇಲೆ ಝಿಂಕ್ ಆಕ್ಸೈಡ್, ಮಿಶ್ರಣ, ಮೇಲೆ ಮೊಲಿಬ್ಡಿನಂ ಆಕ್ಸೈಡ್, ಕೊನೆಗೆ ಬೆಳ್ಳಿ. ಆಮ್ಲ ಇಲ್ಲ, ನೀರಿಗೆ ಹೆದರುವ ಅಲ್ಯೂಮಿನಿಯಂ ಇಲ್ಲ. ಗಾಳಿಯಲ್ಲಿ ಜಾಸ್ತಿ ದಿನ ನಿಲ್ಲುತ್ತದೆ.

ಝಿಂಕ್ ಆಕ್ಸೈಡ್ ಪಾಕ ಎಲ್ಲರೂ ಮಾಡುವುದೇ: 1 ಗ್ರಾಂ ಝಿಂಕ್ ಅಸಿಟೇಟ್ ಡೈಹೈಡ್ರೇಟ್, 10 ಮಿಲಿ 2-ಮೀಥಾಕ್ಸಿ ಎಥನಾಲ್, 0.28 ಗ್ರಾಂ ಎಥನಾಲಮೈನ್. ರಾತ್ರಿಯಿಡೀ ಕಲಕಲು ಬಿಡಿ. 4000 ಸುತ್ತು, ಆಮೇಲೆ 200 ಡಿಗ್ರಿಯಲ್ಲಿ ಒಂದು ಗಂಟೆ, ಗಾಳಿಯಲ್ಲೇ. 30 ನ್ಯಾನೋಮೀಟರ್ ಹತ್ತಿರ ಬರುತ್ತದೆ. ಆ ಮೀಥಾಕ್ಸಿ ಎಥನಾಲ್ ಸಾಧಾರಣ ಸ್ಪಿರಿಟ್ ಅಂದುಕೊಳ್ಳಬೇಡಿ, ಗರ್ಭಕ್ಕೆ, ಸಂತಾನಶಕ್ತಿಗೆ ತೊಂದರೆ ಮಾಡುವ ವಸ್ತು. ಗ್ಲೌಸ್ ಹಾಕಿ ಫ್ಯೂಮ್ ಹುಡ್‌ನೊಳಗೇ ಮಾಡಿ. ಹುಡ್ಡಿನ ಫ್ಯಾನ್ ತಿರುಗುತ್ತಿದೆಯಾ ಅಂತ ಒಂದು ಟಿಶ್ಯೂ ಹಿಡಿದು ನೋಡಿ. ಬಹಳ ಕಡೆ ಅದು ಶೋಗೆ ಇರುತ್ತದೆ.

ಮೊಲಿಬ್ಡಿನಂ ಆಕ್ಸೈಡ್ ಒಂದು ವಿಚಿತ್ರ ಪ್ರಾಣಿ. ಅದು ಎನ್ ಟೈಪ್, ಅಂದರೆ ಎಲೆಕ್ಟ್ರಾನ್ ಒಯ್ಯುವ ವಸ್ತು, ಆದರೂ ಹೋಲ್ ಬಾಗಿಲಿಗೆ ಹಾಕುತ್ತೇವೆ. ಅದರ ಎಲೆಕ್ಟ್ರಾನ್ ಮಟ್ಟ ಎಷ್ಟು ಆಳದಲ್ಲಿದೆ ಅಂದರೆ ಪಾಲಿಮರಿನ ಹೋಲ್ ಬಂದ ಕೂಡಲೇ ಇದರಲ್ಲಿರುವ ಎಲೆಕ್ಟ್ರಾನ್ ಹೋಗಿ ಅದನ್ನು ತುಂಬಿಬಿಡುತ್ತದೆ. ಹೊರಗಿನಿಂದ ನೋಡುವವರಿಗೆ ಹೋಲ್ ದಾಟಿದ ಹಾಗೆ. ವೈವಾ ಪ್ರಶ್ನೆ ಇದು, ಬಾಯಿಪಾಠ ಮಾಡಿಕೊಂಡವರು ಇಲ್ಲೇ ಬೀಳುತ್ತಾರೆ. 10 ನ್ಯಾನೋಮೀಟರ್ ಸಾಕು, ಹಾಕಿದ ಮೇಲೆ ವ್ಯಾಕ್ಯೂಮ್ ಚೇಂಬರ್ ತೆರೆಯದೆ ಬೆಳ್ಳಿ ಹಾಕಿಬಿಡಿ. ಗಾಳಿ ತಾಗಿದರೆ ಅದರ ವರ್ಕ್ ಫಂಕ್ಷನ್ (ಎಲೆಕ್ಟ್ರಾನನ್ನು ಹೊರಗೆ ಕೀಳಲು ಬೇಕಾದ ಶಕ್ತಿ) ಇಳಿಯುತ್ತದೆ.

ಝಿಂಕ್ ಆಕ್ಸೈಡಿಗೂ ಚಾಳಿ ಇದೆ. ಮೊದಲ ಸಲ ಅಳೆದಾಗ ಎಸ್ ಗೆರೆಯೇ ಬರಬಹುದು. ಗಾಬರಿ ಬೇಡ. ಅದರ ಮೈಗೆ ಆಕ್ಸಿಜನ್ ಅಂಟಿಕೊಂಡು ಎಲೆಕ್ಟ್ರಾನ್ ಹಿಡಿದಿಟ್ಟಿರುತ್ತದೆ. ಅಲ್ಟ್ರಾವಯಲೆಟ್ ಇರುವ ದೀಪದ ಕೆಳಗೆ ಕೆಲವು ನಿಮಿಷ ಇಟ್ಟರೆ ಆಕ್ಸಿಜನ್ ಬಿಟ್ಟುಹೋಗಿ ಗೆರೆ ನೆಟ್ಟಗಾಗುತ್ತದೆ. ನಿಮ್ಮ ದೀಪ ಬರೀ ಬಿಳಿ ಎಲ್ಇಡಿ ಆದರೆ ಎಷ್ಟು ಹೊತ್ತು ಇಟ್ಟರೂ ಆಗುವುದಿಲ್ಲ.

ಗುಮ್ಮಟ_ಗಲ್ಲಿ (ವಿಜಯಪುರ)

ಇನ್ನೊಂದು ಸೇರಿಸಿ ಮಾರಾಯ್ರೆ. ಮುಂದೆ ಇವಳು ವೈ6 ತರದ ಹೊಸ ಅಣುಗಳಿಗೆ ಹೋದರೆ ಅದೇ ಝಿಂಕ್ ಆಕ್ಸೈಡ್ ತಿರುಗಿ ಬೀಳುತ್ತದೆ, ಅಲ್ವಾ?

ಖಾನಾಪುರ_ಕಾಡು (ಬೆಂಗಳೂರು)

ಬೀಳುತ್ತದೆ. ಅಲ್ಟ್ರಾವಯಲೆಟ್ ಬಿದ್ದಾಗ ಝಿಂಕ್ ಆಕ್ಸೈಡ್ ಫೋಟೋಕ್ಯಾಟಲಿಸ್ಟ್ ಆಗುತ್ತದೆ, ಅಂದರೆ ಬೆಳಕಿನ ಬಲದಿಂದ ರಾಸಾಯನಿಕ ಕ್ರಿಯೆ ನಡೆಸುತ್ತದೆ. ಆ ಅಣುಗಳ ನಡುಭಾಗವನ್ನು ತುದಿಗೆ ಕಟ್ಟಿರುವ ಇಂಗಾಲದ ಜೋಡಿ ಬಂಧವನ್ನು ಕಡಿಯುತ್ತದೆ. ಗೆರೆ ನೆಟ್ಟಗೆ ಮಾಡಲು ಬೇಕಾದ ಬೆಳಕೇ ಅಣುವನ್ನು ಕೊಲ್ಲುತ್ತದೆ. ಅದಕ್ಕೆ ಜನ ಟಿನ್ ಆಕ್ಸೈಡಿಗೆ ಹೋಗುತ್ತಿದ್ದಾರೆ, ಇಲ್ಲಾ ಮುಂದೆ ಅಲ್ಟ್ರಾವಯಲೆಟ್ ತಡೆಯುವ ಹಾಳೆ ಅಂಟಿಸುತ್ತಾರೆ.

ಪೆಡಾಟಿಗೆ ಬದಲಿ ಕೇಳಿದರೆ 2ಪಿಎಸಿಝಡ್ ನೋಡಿ. ಅದು ಒಂದೇ ಅಣುವಿನ ದಪ್ಪದ ಪದರ. ಒಂದು ತುದಿಯ ಫಾಸ್ಫೋನಿಕ್ ಆಸಿಡ್ ಐಟಿಒ ಹಿಡಿದುಕೊಳ್ಳುತ್ತದೆ, ಕಾರ್ಬಜೋಲ್ ತುದಿ ಮೇಲೆ ನಿಲ್ಲುತ್ತದೆ. ಎಥನಾಲಿನಲ್ಲಿ ಕರಗಿಸಿ ಹಾಕುತ್ತಾರೆ. ಮೊದಲು ಪೆರೊವ್‌ಸ್ಕೈಟ್ ಅನ್ನೋ ಇನ್ನೊಂದು ಬಗೆಯ ಸೋಲಾರ್ ಸೆಲ್ಲಿನವರು ಬಳಸಿದ್ದು, 2020ರ ಹೊತ್ತಿಗೆ ನಮ್ಮ ಕಡೆಗೂ ಬಂತು. ಐಟಿಒ ಶುದ್ಧ ಇರದಿದ್ದರೆ ಮಾತ್ರ ಇದು ಅಂಟುವುದೇ ಇಲ್ಲ. ಬೆರಳಚ್ಚು ಇದ್ದ ಕಡೆ ನೇರ ಶಾರ್ಟ್.

ಮಳೆಯೂರ_ಹುಡುಗಿ (ಬೆಳಗಾವಿ)

ಎಲ್ಲರಿಗೂ ಥ್ಯಾಂಕ್ಸ್ ರೀ. ಒಂದು ಸಂಕಟ ಹೇಳಿಕೊಳ್ಳುತ್ತೇನೆ. ನಮ್ಮ ಸೀನಿಯರ್ ಪಿಎಚ್1000 ಗ್ರೇಡ್ ಪೆಡಾಟ್ ಕೊಟ್ಟು, ಇದು ಬಹಳ ಕಂಡಕ್ಟಿವ್, ಇದನ್ನೇ ಹಾಕು ಅಂದರು. ಹಾಕಿದೆ. ಕರೆಂಟ್ 8ರಿಂದ 11ಕ್ಕೆ ಜಿಗಿಯಿತು! ಇಡೀ ಲ್ಯಾಬ್ ಕುಣಿದಾಡಿತು. ಇದು ನಿಜಾನಾ?

ಗುಮ್ಮಟ_ಗಲ್ಲಿ (ವಿಜಯಪುರ)

ಕುಣಿತ ನಿಲ್ಲಿಸಿ. ಅದರಲ್ಲಿ ಪೆಡಾಟಿನ ಪಾಲು ಜಾಸ್ತಿ, ಒಂದಕ್ಕೆ ಎರಡೂವರೆ ಪಿಎಸ್‌ಎಸ್. ಕರೆಂಟ್ ಮೇಲೆ ಕೆಳಗೆ ಮಾತ್ರ ಹೋಗದೆ ಅಡ್ಡಡ್ಡ ಹರಿಯುತ್ತದೆ. ನಿಮ್ಮ ಅಲ್ಯೂಮಿನಿಯಂ ಪಟ್ಟಿಯ ಕೆಳಗೆ ಐಟಿಒ ಇಲ್ಲದ ಜಾಗದಲ್ಲಿ ಹುಟ್ಟಿದ ಹೋಲ್ ಕೂಡ ಈ ಪದರದಲ್ಲಿ ಅಡ್ಡ ಹರಿದು ಐಟಿಒ ಸೇರುತ್ತದೆ. ನೀವು ಭಾಗಿಸುವುದು ಐಟಿಒ ಮತ್ತು ಪಟ್ಟಿ ಕೂಡುವ ಚೌಕದ ವಿಸ್ತೀರ್ಣದಿಂದ, ನಿಜವಾಗಿ ಕೆಲಸ ಮಾಡಿದ ಜಾಗ ಅದಕ್ಕಿಂತ ದೊಡ್ಡದು. ಪಕ್ಕದ ಹೊಲದ ಜೋಳ ನಮ್ಮ ಕಣಕ್ಕೆ ಬಿದ್ದರೆ ನಮ್ಮ ಬೆಳೆ ಜಾಸ್ತಿ ಆಗುತ್ತದಾ? ಚೌಕಕ್ಕಿಂತ ಸ್ವಲ್ಪ ಚಿಕ್ಕ ತೂತಿರುವ ಕಪ್ಪು ತಗಡು ಮುಂದೆ ಇಟ್ಟು, ಆ ತೂತಿನ ವಿಸ್ತೀರ್ಣದಿಂದ ಭಾಗಿಸಿ.

ಮಳೆಯೂರ_ಹುಡುಗಿ (ಬೆಳಗಾವಿ)

ತಗಡು ಇಟ್ಟು ಅಳೆದೆ. 7.6. ಸೀನಿಯರ್ ನನ್ನ ಜೊತೆ ಮಾತಾಡುತ್ತಿಲ್ಲ.

ಮಳೆಯೂರ_ಹುಡುಗಿ (ಬೆಳಗಾವಿ), ಒಂಬತ್ತು ದಿನ ಆದ ಮೇಲೆ

ಅಪ್ಡೇಟ್. ಒಂದೇ ದಿನ, 4083 ಒಂದೇ ಬಾಟಲಿ, ಆರು ಸ್ಲೈಡ್. ಲ್ಯಾಬಿನ ಹೈಗ್ರೋಮೀಟರ್ ಗಾಳಿಯ ತೇವ ಶೇ. 88 ತೋರಿಸುತ್ತಿತ್ತು, ಹೊರಗೆ ಜಿಟಿಜಿಟಿ ಮಳೆ. ಎರಡು ಸ್ಲೈಡ್ ಹಾಟ್‌ಪ್ಲೇಟ್‌ನಿಂದ ಇಳಿಸಿ ಬಿಸಿ ಆರಿದ ಕೂಡಲೇ ಮಿಶ್ರಣ ಹಾಕಿದೆ. ಎರಡನ್ನು ಯಥಾಪ್ರಕಾರ ಊಟಕ್ಕೆ ಬಿಟ್ಟೆ. ಇನ್ನೆರಡನ್ನು ಊಟಕ್ಕೆ ಬಿಟ್ಟು, ಮತ್ತೆ 140 ಡಿಗ್ರಿಗೆ 5 ನಿಮಿಷ ಇಟ್ಟು ಹಾಕಿದೆ. ಅಲ್ಯೂಮಿನಿಯಂ ಆರಕ್ಕೂ ಒಟ್ಟಿಗೇ.

ಕೂಡಲೇ ಹಾಕಿದ್ದು: ಫಿಲ್ ಫ್ಯಾಕ್ಟರ್ 0.55, 0.53. ಊಟ ಮಾಡಿದ್ದು: 0.37, 0.35, ಎರಡರಲ್ಲೂ ಎಸ್. ಮತ್ತೆ ಕಾಯಿಸಿದ್ದು: 0.50, 0.51. ಪಿ3ಎಚ್‌ಟಿ ಪೌಡರ್ ಹಳೆಯದೇ. ಗೈಡ್ ಸರ್ ಗ್ರಾಫ್ ಮೂರನ್ನೂ ಒಂದರ ಮೇಲೊಂದು ಇಟ್ಟು ಬಹಳ ಹೊತ್ತು ನೋಡಿದರು, ಆಮೇಲೆ ಆರ್ಡರ್ ಫಾರಂ ಡ್ರಾಯರಿಗೆ ಹಾಕಿದರು.

ಇನ್ನೊಂದು ನಾಚಿಕೆಯ ವಿಷಯ. ಸ್ಲೈಡ್ ಇಡಲು ಡೆಸಿಕೇಟರ್ (ಒಳಗೆ ತೇವ ಇರದ ಹಾಗೆ ಮುಚ್ಚಿಡುವ ಪಾತ್ರೆ) ಹುಡುಕಿದೆ. ಇತ್ತು, ಕಪಾಟಿನ ಮೇಲೆ. ಒಳಗಿನ ಸಿಲಿಕಾ ಜೆಲ್ ನೀಲಿ ಇರಬೇಕಾದದ್ದು ತೇವ ಕುಡಿದು ಪೂರ್ತಿ ಗುಲಾಬಿ. ಯಾವ ಬ್ಯಾಚಿನಿಂದ ಹಾಗಿದೆಯೋ ದೇವರಿಗೇ ಗೊತ್ತು. ಓವನ್‌ನಲ್ಲಿ 120 ಡಿಗ್ರಿಗೆ ಇಟ್ಟೆ, ಸಂಜೆ ಹೊತ್ತಿಗೆ ಒಂದೊಂದೇ ಕಾಳು ನೀಲಿ ಆಗತೊಡಗಿತು. ನಿಂತು ನೋಡಿದೆ.

ಆದರೆ ಒಳ್ಳೇ ಸೆಲ್ಲುಗಳೂ ಮೂರನೇ ದಿನಕ್ಕೆ ಅಂಚಿನಿಂದ ಸಾಯುತ್ತಿವೆ. ಹಿಂಬದಿಯಿಂದ ನೋಡಿದರೆ ಅಲ್ಯೂಮಿನಿಯಂ ಅಂಚಿನಲ್ಲಿ ಸಣ್ಣ ಗುಳ್ಳೆ. ನೀರು ಈಗ ಬದಿಯಿಂದ ಬರುತ್ತಿದೆ. ಅದಕ್ಕೆ ಖಾನಾಪುರ ಅಣ್ಣ ಹೇಳಿದ ಹಾಗೆ ತಿರುವಿ ಹಾಕುತ್ತೇನೆ. ಝಿಂಕ್ ಪಾಕ ಮೊದಲ ಸಲ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟು ಮಜ್ಜಿಗೆ ತರ ಆಯಿತು, ಚೆಲ್ಲಿದೆ. ಎರಡನೆಯದು ತಿಳಿಯಾಗಿದೆ. ಹುಡ್ಡಿನ ಮುಂದೆ ಟಿಶ್ಯೂ ಹಿಡಿದೆ, ಅಲ್ಲಾಡಲಿಲ್ಲ. ಈಗ ರಿಪೇರಿ ಮಾಡಿಸಿದ್ದಾರೆ. ಮೊಲಿಬ್ಡಿನಂ ಆಕ್ಸೈಡ್ ಪೌಡರ್ ಯಾರ ಹತ್ತಿರವಾದರೂ ಒಂದು ಗ್ರಾಂ ಇದೆಯಾ?

ಗುಮ್ಮಟ_ಗಲ್ಲಿ (ವಿಜಯಪುರ)

ನನ್ನ ಹತ್ತಿರ ಇದೆ. ಶನಿವಾರ ಅಕ್ಕನ ಮನೆಗೆ ಬೆಳಗಾವಿಗೆ ಬರುತ್ತಿದ್ದೇನೆ, ತಂದುಕೊಡುತ್ತೇನೆ. ಬಾಟಲಿ ಮುಚ್ಚಿಯೇ ಇಡಿ, ಬಿಸಿ ಮಾಡುವಾಗ ಬೋಟಿನಿಂದ (ಪೌಡರ್ ಇಟ್ಟು ಕಾಯಿಸುವ ಪುಟ್ಟ ಪಾತ್ರೆ) ಪೌಡರ್ ಚಿಮ್ಮುತ್ತದೆ, ಕರೆಂಟ್ ನಿಧಾನಕ್ಕೆ ಏರಿಸಿ. ಮಳೆಗಾಲದಲ್ಲಿ ಚೇಂಬರ್ ಗೋಡೆಗೂ ನೀರು ಕೂತಿರುತ್ತದೆ, ವ್ಯಾಕ್ಯೂಮ್ ಬರಲು ಜಾಸ್ತಿ ಹೊತ್ತು ಬೇಕು, ಅವಸರ ಮಾಡಬೇಡಿ.

ರಬಕವಿ_ಮಗ್ಗ (ರಬಕವಿ)

ಆದ ಮೇಲೆ ಫೋಟೋ ಹಾಕಿ. ಬೆಳ್ಳಿ ಅಂದಿರಲ್ಲ, ಅದನ್ನು ನೋಡಬೇಕು.

ಮಳೆಯೂರ_ಹುಡುಗಿ (ಬೆಳಗಾವಿ)

ಪೌಡರ್ ಬಂತು, ಥ್ಯಾಂಕ್ಸ್ ಅಣ್ಣಾ. ಇವತ್ತು ಕೂತೆ. ವ್ಯಾಕ್ಯೂಮ್ ಬರಲು ನಾಲ್ಕು ಗಂಟೆ. ಮಾನಿಟರ್‌ನಲ್ಲಿ 7 ನ್ಯಾನೋಮೀಟರ್ ತೋರಿಸುವಾಗ ಕರೆಂಟ್ ಹೋಯಿತು. ಚೇಂಬರ್ ತೆರೆದಿಲ್ಲ, ಹಾಗೇ ಮುಚ್ಚಿಟ್ಟು ಬಂದಿದ್ದೇನೆ. 7ರ ಮೇಲೆ ನಾಳೆ 3 ಹಾಕಿದರೆ ನಡೆಯುತ್ತದಾ, ಇಲ್ಲಾ ಮೊದಲಿಂದ ಮಾಡಬೇಕಾ?

ಖಾನಾಪುರ_ಕಾಡು (ಬೆಂಗಳೂರು)

7 ಸಾಕು. ನೇರ ಬೆಳ್ಳಿ ಹಾಕಿ.